ಹನ್ನೊಂದು ಪದಗಳ ಹುಡುಗ: ಒಂದು ಪ್ರಕರಣ ಅಧ್ಯಯನ

ಒಬ್ಬ ತಾಯಿಯ ಮೊಬೈಲಿನಲ್ಲಿ ಉಳಿದಿದ್ದ ಹುಡುಕಾಟದ ಸಾಲುಗಳನ್ನು ಮೊದಲು ಇದ್ದ ಕ್ರಮದಲ್ಲೇ ಕೊಡುತ್ತೇನೆ. ರಾತ್ರಿ 11ರ ಸುಮಾರಿಗೆ ಆರಂಭವಾಗಿ ಎರಡೂವರೆಗೆ ಮುಗಿದ ಸಾಲುಗಳಿವು. "22 ತಿಂಗಳ ಮಗು ಎಷ್ಟು ಪದ ಮಾತನಾಡಬೇಕು." "ಹೆಸರು ಹಿಡಿದು ಕರೆದರೆ ಮಗು ತಿರುಗುವುದಿಲ್ಲ." "ಹೆಸರಿಗೆ ತಿರುಗದಿದ್ದರೆ ಆಟಿಸಂ." "ಆಟಿಸಂ ಲಕ್ಷಣಗಳು 2 ವರ್ಷ." "ಆಟಿಸಂ ಇರುವ ಮಗು ಶಾಲೆಗೆ ಹೋಗಬಹುದೇ." "ಆಟಿಸಂ ಪೂರ್ತಿ ಗುಣವಾದ ಮಕ್ಕಳು."

ಮೊದಲ ಸಾಲಿನಲ್ಲಿ ಇದ್ದದ್ದು ಒಂದು ಸಂಖ್ಯೆಯ ಪ್ರಶ್ನೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅದಕ್ಕೆ ಆಟಿಸಂ ಎಂಬ ಹೆಸರು ಬಂದಿದೆ (ಇತರರೊಡನೆ ಬೆರೆಯುವ, ಮಾತುಕತೆಯಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ ಅದು), ಐದನೆಯದರಲ್ಲಿ ಮಗು ಶಾಲೆಯ ಬಾಗಿಲಲ್ಲಿ ನಿಂತಿದೆ, ಆರನೆಯದರಲ್ಲಿ ಪವಾಡ ಹುಡುಕುತ್ತಿದ್ದಾರೆ. ಪ್ರತಿ ಸಾಲೂ ಹಿಂದಿನ ಸಾಲಿನ ಅನುಮಾನವನ್ನು ತೀರ್ಪೆಂದು ಹಿಡಿದುಕೊಂಡು ಮುಂದೆ ಹೋಗಿದೆ. ಈ ಮೂರೂವರೆ ಗಂಟೆಯಲ್ಲಿ ಯಾರೂ ಮಗುವನ್ನು ನೋಡಿರಲಿಲ್ಲ. ಅದು ಪಕ್ಕದ ಕೋಣೆಯಲ್ಲಿ ಮಲಗಿತ್ತು.

ನಾನು ವೈದ್ಯಳಲ್ಲ, ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಜನ ಕೇಳಿದ ಮಾಹಿತಿ ಎಲ್ಲಿದೆ ಎಂದು ಹುಡುಕಿ ಕೊಡುವುದು ನನ್ನ ಕಸುಬು. ಮಗುವಿನ ತಾಯಿ ನನ್ನ ಕಿರಿಯ ಸಹೋದ್ಯೋಗಿ. ಮಗುವಿನ ತಾಯಿ ತಂದೆ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವಂಥದ್ದನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಒಂದು ಮಗು, ಎರಡು ಮೊಬೈಲು

ಹುಡುಗ ದಿನ ತುಂಬಿ ಹುಟ್ಟಿದವನು, 13ನೇ ತಿಂಗಳಿಗೆ ನಡೆದವನು. ಕೆಲವು ತಿಂಗಳಿಂದ ಮೇಲಿಂದ ಮೇಲೆ ನೆಗಡಿ. ಮಾತು ಕಡಿಮೆ. ಕರೆದರೆ ಒಮ್ಮೆ ತಿರುಗುತ್ತಾನೆ, ಇನ್ನೊಮ್ಮೆ ಇಲ್ಲ. ಬೇಕಾದದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಈ ಕೊನೆಯದು ಆ ವಯಸ್ಸಿನ ಬಹುಪಾಲು ಮಕ್ಕಳು ಮಾಡುವ ಕೆಲಸವೇ. ಮನಸ್ಸಿನಲ್ಲಿರುವುದನ್ನು ಹೇಳಲು ಮಾತು ಸಾಲದ ಮಗು ಇನ್ನೂ ಸ್ವಲ್ಪ ಹೆಚ್ಚು ಮಾಡುತ್ತದೆ. ಆದರೆ ತಾಯಿಯ ಪಟ್ಟಿಯಲ್ಲಿ ಅದೂ ಲಕ್ಷಣವಾಗಿ ಸೇರಿಕೊಂಡಿತ್ತು.

ತಂದೆಯೂ ಹುಡುಕಿದ್ದರು. ಅವರ ಮೊಬೈಲಿನಲ್ಲಿ ಇದ್ದದ್ದು "ತಡವಾಗಿ ಮಾತನಾಡಿದ ಮೇಧಾವಿಗಳು" ಮತ್ತು "ಗಂಡುಮಕ್ಕಳಿಗೆ ಮಾತು ತಡ". ಮೊದಲನೆಯದಕ್ಕೆ ಐನ್‌ಸ್ಟೈನ್ ಸಿಕ್ಕರು, ಅವರು ಎಲ್ಲರಿಗೂ ಸಿಗುತ್ತಾರೆ. ಎರಡನೆಯದರಲ್ಲಿ ಅರ್ಧ ಸತ್ಯವಿದೆ: ಸರಾಸರಿಯಲ್ಲಿ ಗಂಡುಮಕ್ಕಳು ತುಸು ನಿಧಾನ. ಆದರೆ ಆ ಅಂತರ ಚಿಕ್ಕದು, ಒಂದು ಮಗುವಿನ ದೊಡ್ಡ ವಿಳಂಬಕ್ಕೆ ಅದನ್ನು ಕಾರಣವಾಗಿ ಕೊಡಲಾಗದು. ಹೀಗೆ ಒಂದೇ ಮನೆಯಲ್ಲಿ, ಒಂದೇ ಮಗುವಿನ ಬಗ್ಗೆ, ಒಂದು ಮೊಬೈಲಿನಲ್ಲಿ ಸಿಡಿಲು, ಇನ್ನೊಂದರಲ್ಲಿ ಜೋಗುಳ. ಇಬ್ಬರೂ ತಮ್ಮ ತಮ್ಮ ಪುಟಗಳನ್ನು ಸಾಕ್ಷಿಯಾಗಿ ಹಿಡಿದು ಜಗಳವಾಡಿಕೊಂಡಿದ್ದರು.

ಮರುದಿನ ತಾಯಿ ನನ್ನ ಮೇಜಿನ ಬಳಿ ಬಂದು ಕೇಳಿದ್ದು ಇಷ್ಟೇ: "ಅಕ್ಕಾ, ನಂಬಬಹುದಾದ ಪುಟಗಳು ಯಾವುವು? ಹೆಸರು ಹೇಳಿ, ಉಳಿದದ್ದನ್ನು ನಾನು ಓದಿಕೊಳ್ಳುತ್ತೇನೆ."

ನಾನು ಮಾಡಿದ ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು. ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟೆ. ವಿಶ್ವ ಆರೋಗ್ಯ ಸಂಸ್ಥೆ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಪೋಷಕರಿಗಾಗಿ ನಡೆಸುವ ತಾಣ, ಅಲ್ಲಿನ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್, ಚಿಕಿತ್ಸೆಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ಸರಳ ಭಾಷೆಯಲ್ಲಿ ಸಾರಾಂಶ ಕೊಡುವ ಕಾಕ್ರೇನ್, ಹೀಗೆ ಒಂದು ಡಜನ್ ಕೊಂಡಿ. ಅವುಗಳಲ್ಲಿ ಕೆಟ್ಟ ಪುಟ ಒಂದೂ ಇರಲಿಲ್ಲ. ಆದರೆ ಮರುದಿನ ಅವರ ಕಣ್ಣು ಇನ್ನಷ್ಟು ಊದಿತ್ತು. ಹನ್ನೆರಡರಲ್ಲೂ ಅವರು ತೆರೆದದ್ದು ಆಟಿಸಂ ಎಂಬ ಒಂದೇ ವಿಭಾಗವನ್ನು. ನಂಬಿಕೆಗೆ ಅರ್ಹವಾದ ಪುಟ ತಪ್ಪು ಪ್ರಶ್ನೆಗೂ ಸರಿಯಾದ ಉತ್ತರವನ್ನೇ ಕೊಡುತ್ತದೆ, ಆ ಉತ್ತರ ನಮ್ಮ ಮಗುವಿಗೆ ಸೇರಿದ್ದೋ ಇಲ್ಲವೋ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಮೂರು ಪಟ್ಟಿಗಳ ಜಗಳ

ಹಿಂದಕ್ಕೆ ಹೋಗಿ ಮೊದಲ ಸಾಲನ್ನು ಹಿಡಿದೆವು. ಎಷ್ಟು ಪದ? ಇಲ್ಲಿಯೇ ತಾಯಿಗೆ ಅಂತರ್ಜಾಲದ ಮೇಲಿನ ನಂಬಿಕೆ ಪೂರ್ತಿ ಹೋಗಿತ್ತು. ಒಂದು ಪಟ್ಟಿ ಎರಡು ವರ್ಷಕ್ಕೆ ಎರಡರಿಂದ ನಾಲ್ಕು ಪದಗಳ ವಾಕ್ಯ ಬರಬೇಕು ಎನ್ನುತ್ತಿತ್ತು. ಇನ್ನೊಂದು, ಎರಡು ಪದ ಜೋಡಿಸಿದರೆ ಸಾಕು, ಸುಮಾರು 50 ಪದ ಎರಡೂವರೆ ವರ್ಷಕ್ಕೆ ಎನ್ನುತ್ತಿತ್ತು. ಮೂರನೆಯದು, ಎರಡು ವರ್ಷಕ್ಕೇ 50 ಪದ ಇಲ್ಲದಿದ್ದರೆ ಅದು ತಡ ಎನ್ನುತ್ತಿತ್ತು. ಮೊದಲೆರಡು ಪಟ್ಟಿಗಳ ಕೆಳಗೂ ಸಿಡಿಸಿಯ ಹೆಸರಿತ್ತು. "ಒಂದೇ ಸಂಸ್ಥೆ ಎರಡು ಮಾತು ಆಡುತ್ತದೆಯೇ? ಯಾವುದು ಸುಳ್ಳು?"

ಎರಡೂ ಸುಳ್ಳಲ್ಲ. ಸಿಡಿಸಿ 2004ರಿಂದ ಪೋಷಕರಿಗಾಗಿ ಬೆಳವಣಿಗೆಯ ಮೈಲಿಗಲ್ಲುಗಳ ಪಟ್ಟಿ ಕೊಡುತ್ತಾ ಬಂದಿದೆ. ಹಳೆಯ ಪಟ್ಟಿಯಲ್ಲಿ ಬಹುಪಾಲು ಸಾಲುಗಳು ಆ ವಯಸ್ಸಿನ ಸುಮಾರು ಅರ್ಧದಷ್ಟು ಮಕ್ಕಳು ಮಾಡುವುದನ್ನು ಹೇಳುತ್ತಿದ್ದವು. ಎಂದರೆ ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ ಅರ್ಧ ಮಂದಿ ಅದರಲ್ಲಿ ನಪಾಸು. ಆಗ ವೈದ್ಯರು "ಕಾದು ನೋಡೋಣ" ಎನ್ನುವುದು, ನಿಜವಾಗಿ ನೆರವು ಬೇಕಾದ ಮಗುವೂ ಆ ಕಾಯುವಿಕೆಯಲ್ಲಿ ಕಳೆದುಹೋಗುವುದು ನಡೆಯುತ್ತಿತ್ತು. 2022ರ ಫೆಬ್ರುವರಿಯಲ್ಲಿ ಮಕ್ಕಳ ವೈದ್ಯರ ಅಕಾಡೆಮಿಯ ಜೊತೆ ಸೇರಿ ಪಟ್ಟಿಯನ್ನು ಪರಿಷ್ಕರಿಸಿದರು. ಆ ವಯಸ್ಸಿನ ಶೇ 75 ಅಥವಾ ಹೆಚ್ಚು ಮಕ್ಕಳು ಮಾಡುವಂಥದ್ದನ್ನೇ ಉಳಿಸಿಕೊಂಡರು. 15 ಮತ್ತು 30 ತಿಂಗಳಿಗೆ ಹೊಸ ಪಟ್ಟಿ ಸೇರಿತು. ಅಂಬೆಗಾಲಿಡುವುದು ಪಟ್ಟಿಯಿಂದಲೇ ಹೋಯಿತು, ಏಕೆಂದರೆ ಚೆನ್ನಾಗಿರುವ ಎಷ್ಟೋ ಮಕ್ಕಳು ಅಂಬೆಗಾಲಿಡದೆಯೇ ಎದ್ದು ನಡೆಯುತ್ತಾರೆ. ಹಾಗಾಗಿ ಹೊಸ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದರೆ ಅದಕ್ಕೆ ಹಳೆಯದಕ್ಕಿಂತ ತೂಕ ಹೆಚ್ಚು. ಈ ಬದಲಾವಣೆಯನ್ನು ಎಲ್ಲರೂ ಮೆಚ್ಚಲಿಲ್ಲ. 50 ಪದಗಳ ಗೆರೆಯನ್ನು 30 ತಿಂಗಳಿಗೆ ಸರಿಸಿದ್ದನ್ನು ಮಾತು ಮತ್ತು ಭಾಷೆಯ ತಜ್ಞರು ಟೀಕಿಸಿದರು, ಅವರು ಬಹುಕಾಲದಿಂದ ಬಳಸುತ್ತಿದ್ದ ಗೆರೆ 24 ತಿಂಗಳು. ಮೂರನೆಯ ಪಟ್ಟಿ ಬಂದದ್ದು ಆ ಕಡೆಯಿಂದ.

ಹಳೆಯ ಪಟ್ಟಿಯನ್ನು ನಕಲು ಮಾಡಿಟ್ಟುಕೊಂಡ ಪುಟಗಳು ಅದನ್ನು ತೆಗೆದಿಲ್ಲ, ಮೇಲೆ ದಿನಾಂಕವನ್ನೂ ಹಾಕಿಲ್ಲ. ಮಕ್ಕಳ ಬಗ್ಗೆ ಓದುವಾಗ ಪುಟದ ತಳಕ್ಕೆ ಹೋಗಿ ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ನೋಡಿ ಎಂದು ನಾವು ಗ್ರಂಥಾಲಯದವರು ಗಿಣಿಯ ಹಾಗೆ ಹೇಳುತ್ತಿರುತ್ತೇವೆ. ಅದರ ನಿಜವಾದ ಬೆಲೆ ನನಗೂ ಅಂದೇ ತಿಳಿದದ್ದು.

ಇನ್ನೊಂದು ಸಂಗತಿ ತಂದೆಗೆ ಹಿಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ, ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ನೋಡಿ ತಯಾರಿಸಿದ ಲೆಕ್ಕದಲ್ಲಿ, ಆಸರೆ ಇಲ್ಲದೆ ನಡೆಯುವುದಕ್ಕೆ ಕೊಟ್ಟಿರುವುದು ಒಂದು ತಿಂಗಳನ್ನಲ್ಲ, 8.2ರಿಂದ 17.6 ತಿಂಗಳವರೆಗಿನ ಅವಧಿಯನ್ನು. ಆರೋಗ್ಯವಂತ ಮಕ್ಕಳ ನಡುವೆಯೇ ಒಂಬತ್ತು ತಿಂಗಳಿಗೂ ಹೆಚ್ಚಿನ ಅಂತರ. "ಹಾಗಾದರೆ ನಮ್ಮವನಿಗೂ ಸಮಯವಿದೆ" ಎಂದು ಅವರು ಹಿಗ್ಗಿದರು. ಸಮಯವಿದೆ ಎನ್ನುವುದಕ್ಕೆ ಮೊದಲು ಅವನಿಗೆ ಎಷ್ಟು ಮಾತು ಬರುತ್ತದೆ ಎಂದು ಎಣಿಸಿದವರು ಯಾರು ಎಂದು ಕೇಳಿದೆ. ಇಬ್ಬರೂ ಎಣಿಸಿರಲಿಲ್ಲ.

ಮೂರು ದಿನ ಯಾವ ಪುಟವನ್ನೂ ತೆರೆಯದೆ ಒಂದು ನೋಟುಪುಸ್ತಕ ಇಟ್ಟುಕೊಳ್ಳುವುದು ಎಂದು ಒಪ್ಪಂದವಾಯಿತು. ಎಣಿಕೆಗೂ ನಿಯಮ ಬೇಕು. ಅದೇ ವಸ್ತುವಿಗೆ ಅದೇ ಸದ್ದನ್ನು, ಯಾರೂ ಹೇಳಿಕೊಡದೆ, ತಾನಾಗಿ ಮತ್ತೆ ಮತ್ತೆ ಬಳಸಿದರೆ ಅದು ಪದ. ಉಚ್ಚಾರ ಸರಿಯಿರಬೇಕಾಗಿಲ್ಲ. ನಾಯಿ ಕಂಡಾಗಲೆಲ್ಲ "ಬೌ" ಎಂದರೆ ಅದೂ ಪದ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡನ್ನೂ ಸೇರಿಸಿ ಎಣಿಸಬೇಕು. ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ತಾಯಿ ಐದು ಎಂದುಕೊಂಡಿದ್ದರು. ಮೂರನೆಯ ದಿನದ ರಾತ್ರಿ ಪುಸ್ತಕದಲ್ಲಿ ಹನ್ನೊಂದು ಇದ್ದವು.

ಪುಸ್ತಕದಲ್ಲಿ ಬೇರೆ ವಿಷಯಗಳೂ ಬಿದ್ದಿದ್ದವು. ಆಕಾಶದಲ್ಲಿ ವಿಮಾನ ಕಂಡರೆ ಬೆರಳು ತೋರಿಸಿ ಅಮ್ಮನ ಮುಖ ನೋಡುತ್ತಾನೆ. ತಮಾಷೆಯದ್ದು ಏನಾದರೂ ಸಿಕ್ಕಿದರೆ ತಂದು ತೋರಿಸುತ್ತಾನೆ. ಕುತೂಹಲದ ವಸ್ತುವನ್ನು ಬೆರಳಿನಿಂದ ತೋರಿಸುವುದು 18 ತಿಂಗಳ ಪಟ್ಟಿಯಲ್ಲಿಯೇ ಇದೆ, ತಾಯಿ ಆ ಪಟ್ಟಿಯನ್ನು ಹತ್ತು ಸಲ ಓದಿದ್ದರು. ಕಣ್ಣು ಪದಗಳ ಸಾಲಿನ ಮೇಲೆಯೇ ಇದ್ದುದರಿಂದ ಈ ಸಾಲು ಕಂಡಿರಲಿಲ್ಲ.

ಮೂರು ಪಟ್ಟಿಗಳ ಜಗಳವೂ ಅಲ್ಲಿಗೆ ತಣ್ಣಗಾಯಿತು. ಗೆರೆ 24 ತಿಂಗಳೋ 30 ತಿಂಗಳೋ ಎನ್ನುವುದು ಗೆರೆಯ ಪಕ್ಕದಲ್ಲಿ ನಿಂತ ಮಗುವಿಗೆ ಮುಖ್ಯ. 22 ತಿಂಗಳಿಗೆ ಹನ್ನೊಂದು ಪದ ಎಂದರೆ ಯಾರ ಪಟ್ಟಿ ಹಿಡಿದರೂ ಒಮ್ಮೆ ತೋರಿಸಬೇಕಾದ ಸಂಗತಿಯೇ.

ನಕಲಿನಲ್ಲಿ ಬಿಟ್ಟುಹೋದ ಪ್ರಶ್ನೆ

ಈಗ ಪರೀಕ್ಷೆಯ ವಿಷಯ. ಆ ರಾತ್ರಿ ತಾಯಿ ಯಾವುದೋ ಪುಟದಲ್ಲಿ 20 ಪ್ರಶ್ನೆಗಳಿಗೆ ಹೌದು, ಇಲ್ಲ ಎಂದು ಒತ್ತಿ 4 ಅಂಕ ಪಡೆದಿದ್ದರು. ಪುಟ ಕೆಂಪು ಬಣ್ಣಕ್ಕೆ ತಿರುಗಿ "ನಿಮ್ಮ ಮಗುವಿಗೆ ಆಟಿಸಂ ಇರುವ ಸಾಧ್ಯತೆ ಇದೆ" ಎಂದು ಹೇಳಿ, ಪಕ್ಕದಲ್ಲಿ ಒಂದು ಆನ್‌ಲೈನ್ ತರಬೇತಿಯ ಜಾಹೀರಾತು ತೋರಿಸಿತ್ತು.

ಪ್ರಶ್ನೆಗಳನ್ನು ನೋಡಿದ ಕೂಡಲೇ ಇದು ಎಂ-ಚಾಟ್-ಆರ್ ಎಂದು ತಿಳಿಯಿತು. 16ರಿಂದ 30 ತಿಂಗಳ ಮಕ್ಕಳಿಗಾಗಿ ತಯಾರಾದ, ವೈದ್ಯರೂ ಬಳಸುವ ಪ್ರಶ್ನಾವಳಿ ಅದು. ಅದನ್ನು ರೂಪಿಸಿದವರ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಕೆಲಸ ಮಾತ್ರ ಜರಡಿಯದು: ಯಾರನ್ನು ಹತ್ತಿರದಿಂದ ನೋಡಬೇಕು ಎಂದು ಬೇರ್ಪಡಿಸುತ್ತದೆ, ಏನಾಗಿದೆ ಎಂದು ಹೇಳುವುದಿಲ್ಲ. 0ರಿಂದ 2 ಬಂದರೆ ಸಾಧ್ಯತೆ ಕಡಿಮೆ. 8ರಿಂದ ಮೇಲೆ ಬಂದರೆ ನೇರವಾಗಿ ತಜ್ಞರ ಬಳಿಗೆ. 3ರಿಂದ 7ರ ನಡುವೆ ಬಂದರೆ ಎರಡನೆಯ ಹಂತವಿದೆ. ತಪ್ಪಿದ ಪ್ರತಿಯೊಂದು ಪ್ರಶ್ನೆಯನ್ನೂ ಬಿಡಿಸಿ, ಉದಾಹರಣೆ ಕೇಳಿ, ಎಷ್ಟು ಸಲ ಎಂದು ವಿಚಾರಿಸಿ ಮತ್ತೆ ಅಂಕ ಹಾಕುವ ಸಂದರ್ಶನ ಅದು. ಎಂ-ಚಾಟ್-ಆರ್/ಎಫ್ ಎಂಬ ಪೂರ್ತಿ ಹೆಸರಿನ ಕೊನೆಯಲ್ಲಿರುವ ಎಫ್ ಅಕ್ಷರ ಸೂಚಿಸುವುದು ಅದನ್ನೇ. ನಕಲು ಪುಟ ಮೊದಲ ಹಂತವನ್ನು ಮಾತ್ರ ಎತ್ತಿಕೊಂಡಿತ್ತು. ಎರಡನೆಯದಕ್ಕೆ ಕೂತು ಮಾತನಾಡುವ ಮನುಷ್ಯ ಬೇಕು, ಅದರಿಂದ ಜಾಹೀರಾತು ಓಡುವುದಿಲ್ಲ.

ಮಕ್ಕಳ ತಜ್ಞರ ಬಳಿ ಸಮಯ ಸಿಕ್ಕಿದ್ದು ಹತ್ತು ದಿನಗಳ ನಂತರ. ಅವರೇ ಎರಡನೆಯ ಹಂತ ಮಾಡಿದರು. ತಪ್ಪಿದ್ದ ನಾಲ್ಕು ಪ್ರಶ್ನೆಗಳು ಇವು: ಮಗುವಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂದು ಎಂದಾದರೂ ಅನ್ನಿಸಿದೆಯೇ, ಕಣ್ಣಿನ ಬಳಿ ಬೆರಳುಗಳನ್ನು ವಿಚಿತ್ರವಾಗಿ ಆಡಿಸುತ್ತದೆಯೇ, ಹೆಸರು ಕರೆದರೆ ಪ್ರತಿಕ್ರಿಯಿಸುತ್ತದೆಯೇ, ಕೈಸನ್ನೆ ಇಲ್ಲದೆ ಹೇಳಿದ್ದು ಅರ್ಥವಾಗುತ್ತದೆಯೇ.

ಬೆರಳಿನದು ಮೊದಲು ಬಿದ್ದುಹೋಯಿತು. ಎಷ್ಟು ಸಲ ನೋಡಿದ್ದೀರಿ ಎಂದಾಗ ತಾಯಿ ತಡವರಿಸಿದರು. ಒಂದೇ ಸಲ, ಅದೂ ಆ ರಾತ್ರಿಯ ಮರುದಿನ ಬೆಳಿಗ್ಗೆ. ಹಿಂದಿನ ರಾತ್ರಿ ಬೆರಳಾಡಿಸುವ ಮಕ್ಕಳ ವಿಡಿಯೊಗಳನ್ನು ಅವರು ಒಂದರ ಹಿಂದೆ ಒಂದು ನೋಡಿದ್ದರು. ಹೇಳಿದ್ದು ಅರ್ಥವಾಗುತ್ತದೆಯೇ ಎಂಬುದೂ ಬಿತ್ತು, ಹತ್ತಿರ ಕೂತು ಹೇಳಿದರೆ ಹುಡುಗ ಮಾಡುತ್ತಿದ್ದ. ಉಳಿದವು ಎರಡು, ಹೆಸರು ಮತ್ತು ಕಿವಿ. ಎರಡನೆಯ ಹಂತದಲ್ಲಿ ಎರಡು ಉಳಿದರೆ ಮುಂದಿನ ತಪಾಸಣೆಗೆ ಕಳಿಸಬೇಕೆಂಬುದು ನಿಯಮ.

ಆ ಹಂತದ ಹಾಳೆಯಲ್ಲಿ, ಕಿವಿಯ ಪ್ರಶ್ನೆಯ ಕೆಳಗೆ, ಯಾವ ನಕಲು ಪುಟದಲ್ಲೂ ಇಲ್ಲದ ಸರಳವಾದ ಸಾಲೊಂದಿದೆ. ಮಗುವಿನ ಶ್ರವಣ ಪರೀಕ್ಷೆ ಆಗಿದೆಯೇ? "ಹುಟ್ಟಿದಾಗಲೇ ಆಗಿದೆ, ಸರಿಯಿತ್ತು" ಎಂದರು ತಾಯಿ. "ಪಕ್ಕದ ಕೋಣೆಯಲ್ಲಿ ಮೊಬೈಲ್ ಹಾಡಿದರೆ ಓಡಿಬರುತ್ತಾನೆ ಡಾಕ್ಟರೇ, ಕಿವಿ ಚುರುಕಾಗಿದೆ" ಎಂದರು ತಂದೆ. ಎರಡೂ ನಿಜ. ಎರಡರಿಂದಲೂ ತೀರ್ಮಾನಕ್ಕೆ ಬರುವಂತಿಲ್ಲ. ಹುಟ್ಟಿದಾಗ ಸರಿಯಿದ್ದ ಕಿವಿಯಲ್ಲಿ ಆಮೇಲೆ ತೊಂದರೆ ಬರಬಹುದು. ಮೇಲಿಂದ ಮೇಲೆ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ನಿಲ್ಲುವುದು ಬಹಳ ಸಾಮಾನ್ಯ. ನೋವಿರುವುದಿಲ್ಲ, ಜ್ವರವಿರುವುದಿಲ್ಲ. ಜೋರಾದ ಸದ್ದು ಕೇಳಿಸುತ್ತದೆ, ಬೆನ್ನ ಹಿಂದಿನಿಂದ ಬಂದ ಮೆಲುದನಿಯ ಮಾತು ನೀರೊಳಗಿನಿಂದ ಬಂದಂತೆ ಮಸುಕಾಗುತ್ತದೆ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಒಮ್ಮೆ ತಿರುಗುವ, ಇನ್ನೊಮ್ಮೆ ತಿರುಗದ ಹುಡುಗ.

ತಾಯಿಯ ಎರಡನೆಯ ಸಾಲು "ಹೆಸರು ಹಿಡಿದು ಕರೆದರೆ ಮಗು ತಿರುಗುವುದಿಲ್ಲ" ಎಂಬುದಾಗಿತ್ತಲ್ಲ? ಅಲ್ಲಿಂದ ಎರಡು ದಾರಿ ಹೊರಡುತ್ತಿದ್ದವು, ಒಂದು ಕಿವಿಯ ಕಡೆಗೆ, ಒಂದು ಆಟಿಸಂ ಕಡೆಗೆ. ಮೂರನೆಯ ಸಾಲಿನಲ್ಲಿ ಅವರೇ ಆಟಿಸಂ ಎಂಬ ಪದ ಸೇರಿಸಿ ಕಿವಿಯ ದಾರಿಯನ್ನು ಮುಚ್ಚಿದ್ದರು. ಮುಂದೆ ಬಂದ ಉತ್ತರಗಳೆಲ್ಲ ಆ ಪದದ ಬಾಲ ಹಿಡಿದು ಬಂದಂಥವು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆ ಹೊತ್ತಿನಲ್ಲಿ ಅವರ ಜಾಗದಲ್ಲಿದ್ದರೆ ನಾನೂ ಅದೇ ಪದವನ್ನು ಒತ್ತುತ್ತಿದ್ದೆ.

ಪರಿಹಾರ ಮಾರುವವರು

ಆರನೆಯ ಸಾಲಿನಿಂದ ಬಂದ ಪುಟಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಹಾಕುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಎಂದ ಪುಟವಿತ್ತು. ಆ ಕಥೆಯ ಮೂಲ 1998ರಲ್ಲಿ ಹನ್ನೆರಡು ಮಕ್ಕಳ ಬಗ್ಗೆ ಪ್ರಕಟವಾದ, ಬ್ರಿಟನ್ನಿನ ವೈದ್ಯ ವೇಕ್‌ಫೀಲ್ಡ್ ಅವರ ಲೇಖನ. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಅವರ ವೈದ್ಯ ನೋಂದಣಿಯೂ ರದ್ದಾಯಿತು. 2019ರಲ್ಲಿ ಡೆನ್ಮಾರ್ಕಿನ 6.5 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದವರಿಗೆ ಆ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ಕ್ಲೋರಿನ್ ಡೈಆಕ್ಸೈಡ್ ಕುಡಿಸಿ ಎಂದ ಪುಟವೂ ಇತ್ತು, ಅದು ಬಟ್ಟೆ ಬಿಳಿಮಾಡುವ ರಾಸಾಯನಿಕಗಳ ಜಾತಿಯದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದೆ.

ಈ ಪುಟಗಳು ನೋಡಲು ಒರಟಾಗಿದ್ದವು ಎಂದುಕೊಳ್ಳಬೇಡಿ. ಅವುಗಳಲ್ಲಿ ಒಂದು ನಾನು ಕೊಟ್ಟ ಹನ್ನೆರಡಕ್ಕಿಂತ ಅಚ್ಚುಕಟ್ಟಾಗಿತ್ತು. ವಿಳಾಸದ ಕೊನೆಯಲ್ಲಿ ಡಾಟ್ ಆರ್ಗ್ ಇತ್ತು, ಆದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಆರೋಗ್ಯ ತಾಣಗಳಿಗೆ ಪ್ರಮಾಣಪತ್ರ ಕೊಡುತ್ತಿದ್ದ ಹಾನ್ ಕೋಡ್ ಮುದ್ರೆಯೂ ಇತ್ತು. ಆ ಪ್ರಮಾಣಪತ್ರದ ವ್ಯವಸ್ಥೆ ನಿಂತದ್ದು 2022ರ ಕೊನೆಯಲ್ಲಿ, ಮುದ್ರೆ ಮಾತ್ರ ಇನ್ನೂ ನೇತಾಡುತ್ತಿದೆ.

ಇದನ್ನು ಪತ್ತೆ ಮಾಡಿದ್ದು ತಂದೆ. ನಾನು ಹೇಳಿಕೊಟ್ಟದ್ದು ಒಂದೇ ಚಾಳಿ: ಪುಟವನ್ನು ಓದಿ ಅಳೆಯಲು ಹೋಗಬೇಡಿ, ಪುಟದಿಂದ ಹೊರಗೆ ಬಂದು, ಇದನ್ನು ನಡೆಸುವವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ನೋಡಿ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಇತಿಹಾಸದ ಪ್ರಾಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ವೃತ್ತಿಪರ ಸುದ್ದಿ ಪರಿಶೀಲಕರನ್ನೂ ಒಂದೇ ಬಗೆಯ ಪುಟಗಳ ಮುಂದೆ ಕೂರಿಸಿದ್ದರು. ಚೆನ್ನಾಗಿ ಓದಿಕೊಂಡ ಪ್ರಾಧ್ಯಾಪಕರೇ ಪುಟದ ಒಳಗೆ ಸಿಕ್ಕಿಬಿದ್ದರು. ಪರಿಶೀಲಕರು ಕ್ಷಣದಲ್ಲಿ ಹೊರಗೆ ಬಂದು ಬೇರೆ ಕಿಟಕಿ ತೆರೆದರು. ಜೋಗುಳ ಹುಡುಕುತ್ತಿದ್ದ ತಂದೆ ಈ ಕೆಲಸದಲ್ಲಿ ನನಗಿಂತ ಚುರುಕು ಎಂದು ತಿಳಿದದ್ದು ಆಗಲೇ. ಐನ್‌ಸ್ಟೈನ್ ಪುಟದ ಮೇಲೂ ಅದೇ ಚಾಳಿ ಪ್ರಯೋಗಿಸಿ ಎಂದೆ. ಅದನ್ನು ಅವರು ಮುಂದೂಡಿದರು.

ಆಮೇಲೆ

ಶ್ರವಣ ಪರೀಕ್ಷೆಯಲ್ಲಿ ಎರಡೂ ಕಿವಿಗಳಲ್ಲಿ ದ್ರವ ಕಂಡಿತು. ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುವುದರಿಂದ ಮೂರು ತಿಂಗಳು ಕಾದು ಮತ್ತೆ ನೋಡುವುದು ರೂಢಿ. ಕಾಯುವಾಗ ಸುಮ್ಮನೆ ಕೂರಬೇಕಾಗಿಲ್ಲ ಎಂದು ಮಾತಿನ ಚಿಕಿತ್ಸೆ ಆರಂಭಿಸಿದರು. ಎದುರು ಕೂತು, ಮುಖ ಕಾಣುವಂತೆ, ಹತ್ತಿರದಿಂದ ಮಾತನಾಡಿ ಎಂದರು.

ಬೆಳವಣಿಗೆಯ ತಪಾಸಣೆಯೂ ನಡೆಯಿತು. ಹೋಗುವ ಮೊದಲು ತಾಯಿ 2014ರ ಅಧ್ಯಯನವೊಂದನ್ನು ತಾವೇ ಹುಡುಕಿದ್ದರು. ಎಂ-ಚಾಟ್‌ನ ಎರಡೂ ಹಂತದಲ್ಲಿ ಉಳಿದ ಮಕ್ಕಳಲ್ಲಿ ಶೇ 47.5 ಮಂದಿಗೆ ಆಟಿಸಂ ಎಂದು ತೀರ್ಮಾನವಾಗಿತ್ತು, ಯಾವುದಾದರೂ ಬಗೆಯ ವಿಳಂಬ ಅಥವಾ ಗಮನಿಸಬೇಕಾದ ಅಂಶ ಕಂಡುಬಂದದ್ದು ಶೇ 94.6 ಮಂದಿಯಲ್ಲಿ. "ನಾಣ್ಯ ಚಿಮ್ಮಿದ ಹಾಗೆ ಅಲ್ಲವೇ ಅಕ್ಕಾ?" ಎಂದರು. ಮೊದಲ ಸಂಖ್ಯೆಗಿಂತ ಎರಡನೆಯದನ್ನು ಹಿಡಿದುಕೊಳ್ಳಿ ಎಂದೆ. ಹೆಸರು ಯಾವುದೇ ಬರಲಿ, ಹೋದದ್ದು ವ್ಯರ್ಥವಾಗುವುದಿಲ್ಲ ಎಂದು ಅದು ಹೇಳುತ್ತಿತ್ತು. ತಜ್ಞರು ಕೊಟ್ಟ ಉತ್ತರ ಮಾತಿನಲ್ಲಿ ವಿಳಂಬ ಎಂದು. ಸದ್ಯ ಆಟಿಸಂ ಎನ್ನುವಂತಿಲ್ಲ, ಆರು ತಿಂಗಳ ನಂತರ ಮತ್ತೆ ನೋಡೋಣ ಎಂದರು. "ಸದ್ಯ" ಎಂಬ ಪದ ತಾಯಿಗೆ ರುಚಿಸಲಿಲ್ಲ. ಅದು ಯಾವ ಪುಟದಲ್ಲೂ ಸಿಗದ, ಮಗುವನ್ನು ಒಂದೂವರೆ ಗಂಟೆ ನೋಡಿದವರು ಮಾತ್ರ ಕೊಡಬಹುದಾದ ಪದ.

ತಜ್ಞರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನೋಟುಪುಸ್ತಕ ಮತ್ತು ಎರಡು ಚಿಕ್ಕ ವಿಡಿಯೊಗಳು. ಹುಡುಗ ವಿಮಾನ ತೋರಿಸಿದ್ದು ಒಂದರಲ್ಲಿ, ಕರೆದರೂ ತಿರುಗದಿದ್ದದ್ದು ಇನ್ನೊಂದರಲ್ಲಿ. ಮುದ್ರಿಸಿಕೊಂಡು ಹೋಗಿದ್ದ ಹಾಳೆಗಳು ಚೀಲದಲ್ಲಿಯೇ ಉಳಿದವು.

ಮೂರು ತಿಂಗಳ ಕೊನೆಗೆ ಒಂದು ಕಿವಿ ತಿಳಿಯಾಗಿತ್ತು, ಇನ್ನೊಂದು ಇಲ್ಲ. ಅದಕ್ಕೇನು ಮಾಡಬೇಕೆಂಬ ಮಾತುಕತೆ ನಡೆಯುತ್ತಿದೆ. ನೋಟುಪುಸ್ತಕದಲ್ಲಿ ಈಗ ತಾಯಿಯ ಲೆಕ್ಕದಲ್ಲಿ 38 ಪದಗಳಿವೆ, ತಂದೆಯ ಲೆಕ್ಕದಲ್ಲಿ 39. ಏನಾದರೂ ಬಿದ್ದಾಗಲೆಲ್ಲ, ತಾನೇ ಬೀಳಿಸಿದಾಗಲೂ, ಹುಡುಗ "ಢುಂ" ಎನ್ನುತ್ತಾನೆ. ಅದನ್ನು ಸೇರಿಸಬೇಕೋ ಬೇಡವೋ ಎಂದು ಇಬ್ಬರೂ ನನ್ನನ್ನು ಕೇಳಿದರು. ನಿಯಮದ ಪ್ರಕಾರ ಸೇರಿಸಬೇಕು ಎಂದೆ, ತಾಯಿ ಇನ್ನೂ ಒಪ್ಪಿಲ್ಲ.